ಎಂಟು ಲಕ್ಷ ಚಿಲ್ಲರೆ ಜನರ ಊರಲ್ಲಿ ಎನ್‌ಎಚ್‌ಎಲ್ ತಂಡ: ವಿನ್ನಿಪೆಗ್ ಲೆಕ್ಕ ಎಷ್ಟು ದಿನ ಕೂಡಿಬರುತ್ತದೆ?

ಚಳಿಯೂರ ಕನ್ನಡಿಗ (ಪ್ರಶ್ನೆ):

ಐಸ್ ಹಾಕಿಯ ಹಣಕಾಸು ಬಲ್ಲವರು ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ. ಕೆನಡಾದ ವಿನ್ನಿಪೆಗ್ ಮಹಾನಗರ ಪ್ರದೇಶದ ಜನಸಂಖ್ಯೆ 2021ರ ಗಣತಿಯಲ್ಲಿ 8.35 ಲಕ್ಷದಷ್ಟು. ಅಮೆರಿಕ-ಕೆನಡಾದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ 32 ತಂಡಗಳಲ್ಲಿ ಇದೇ ಅತಿ ಚಿಕ್ಕ ಊರು. 2011ರಲ್ಲಿ ಅಟ್ಲಾಂಟಾದಿಂದ ಈಗಿನ ಜೆಟ್ಸ್ ತಂಡ ಬಂದಾಗ 13,000 ಸೀಸನ್ ಟಿಕೆಟ್ (ತವರಿನ ಎಲ್ಲ ಪಂದ್ಯಕ್ಕೂ ಮುಂಗಡ ಟಿಕೆಟ್) ಬೇಕೆಂದು ಗುರಿ ಇಟ್ಟರು. ಕೆಲವೇ ದಿನಗಳಲ್ಲಿ ಅದು ತುಂಬಿ, 8,000 ಜನರ ಕಾಯುವ ಪಟ್ಟಿಯೂ ಆಯಿತು. 2023-24ರ ಹೊತ್ತಿಗೆ ಅದೇ ಸಂಖ್ಯೆ 9,500ರ ಆಸುಪಾಸಿಗೆ ಇಳಿದಿತ್ತು. ಇದು ಹೀಗೇ ಮುಂದುವರಿದರೆ ಬಹಳ ಕಾಲ ನಡೆಯದು ಎಂದು ತಂಡದ ಮುಖ್ಯಸ್ಥ ಮಾರ್ಕ್ ಚಿಪ್‌ಮನ್ ಅವರೇ ಆಗ ಬಹಿರಂಗವಾಗಿ ಹೇಳಿದರು.

ನನಗೆ ಅರ್ಥವಾಗದ್ದು ಮೂರು. ಒಂದೂವರೆ ಸಾವಿರ ಸೀಟು ಖಾಲಿ ಉಳಿದರೆ ಇಷ್ಟು ದೊಡ್ಡ ಉದ್ಯಮಕ್ಕೆ ಅಷ್ಟು ಪೆಟ್ಟೇ? ಕೆನಡಾದ ರಾಜರ್ಸ್ ಕಂಪನಿ ಜೊತೆ ಲೀಗ್ ಮಾಡಿಕೊಂಡಿರುವ ಹೊಸ ಟಿವಿ ಒಪ್ಪಂದ 1,100 ಕೋಟಿ ಕೆನಡಾ ಡಾಲರಿನದು, ಅದರಿಂದ ಈ ಕೊರತೆ ತುಂಬುವುದಿಲ್ಲವೇ? ಮೂರನೆಯದು, 1996ರಲ್ಲಿ ಮೊದಲಿನ ಜೆಟ್ಸ್ ಫೀನಿಕ್ಸ್‌ಗೆ ಹೋದಂತೆ ಇದೂ ಹೋಗಬಹುದೇ?

ಲೆಕ್ಕಿಗ:

ಮೊದಲ ಪ್ರಶ್ನೆಗೆ ಅಂಕಿಗಳಲ್ಲೇ ಉತ್ತರ ಹೇಳುತ್ತೇನೆ. ಟಿಕೆಟ್ ದರ, ಬಂದವರ ಇತರ ಖರ್ಚು ನನ್ನ ಊಹೆ, ಉಳಿದದ್ದು ಪ್ರಕಟವಾದ ಅಂಕಿ.

ಕೆನಡಾ ಲೈಫ್ ಸೆಂಟರ್‌ನಲ್ಲಿ 15,225 ಸೀಟು. ರೆಗ್ಯುಲರ್ ಸೀಸನ್‌ನಲ್ಲಿ ತವರಿನ ಪಂದ್ಯ 41. ಅಂದರೆ ವರ್ಷಕ್ಕೆ ಮಾರಲು ಇರುವ ಸೀಟು 6.24 ಲಕ್ಷ. 2023-24ರ ಸರಾಸರಿ ಹಾಜರಿ ಸುಮಾರು 13,500. ಪಂದ್ಯಕ್ಕೆ 1,725 ಸೀಟು ಮಾರಾಟವಾಗದೆ ಉಳಿದರೆ ವರ್ಷಕ್ಕೆ 70,725. ಒಂದು ಟಿಕೆಟ್‌ಗೆ ಸರಾಸರಿ 110 ಕೆನಡಾ ಡಾಲರ್, ಬಂದವರು ತಿಂಡಿ, ಬಿಯರ್, ಪಾರ್ಕಿಂಗ್ ಎಂದು ಇನ್ನೊಂದು 25 ಡಾಲರ್ ಖರ್ಚು ಮಾಡುತ್ತಾರೆ ಎಂದು ಹಿಡಿಯಿರಿ. ಹತ್ತಿರ ಹತ್ತಿರ 95 ಲಕ್ಷ ಡಾಲರ್ ಕೈತಪ್ಪಿತು. ಕಟ್ಟಡದ ವಿದ್ಯುತ್, ಐಸ್ ನಿರ್ವಹಣೆ, ಸಿಬ್ಬಂದಿ, ವಿಮಾನ, ಆಟಗಾರರ ಸಂಬಳ, ಯಾವುದೂ ಸೀಟು ಖಾಲಿ ಇದೆ ಎಂದು ಕಡಿಮೆಯಾಗುವುದಿಲ್ಲ. ಹಾಗಾಗಿ ಆ ಮೊತ್ತ ಹೆಚ್ಚುಕಮ್ಮಿ ಪೂರ್ತಿ ಲಾಭದ ಸಾಲಿನಿಂದಲೇ ಕಳೆಯುತ್ತದೆ. ಲಾಭವಿಲ್ಲದ ವರ್ಷ ಅದು ನೇರ ನಷ್ಟ.

ಆದರೆ ಖಾಲಿ ಸೀಟಿಗಿಂತ ದೊಡ್ಡ ಪೆಟ್ಟು ಸೀಸನ್ ಟಿಕೆಟ್ ಕುಸಿದದ್ದು. 13,000ದಿಂದ 9,500ಕ್ಕೆ ಇಳಿದರೆ 3,500 ಸೀಟುಗಳನ್ನು 41 ಸಲ, ಒಟ್ಟು 1,43,500 ಟಿಕೆಟ್‌ಗಳನ್ನು ಬಿಡಿಬಿಡಿಯಾಗಿ ಮಾರಬೇಕು. ಶನಿವಾರ ಟೊರೊಂಟೊ ಬಂದರೆ ಅವು ತಾನೇ ಹೋಗುತ್ತವೆ. ಜನವರಿಯ ಮಂಗಳವಾರ, ಹೊರಗೆ ಮೈನಸ್ 25, ಎದುರಾಳಿ ಪಟ್ಟಿಯ ಕೊನೆಯ ತಂಡ ಎಂದರೆ ರಿಯಾಯಿತಿ ಕೊಡದೆ ಗತಿಯಿಲ್ಲ. ಆ ರಿಯಾಯಿತಿಯನ್ನು ಸೀಸನ್ ಟಿಕೆಟ್ ಹೊಂದಿದವರು ನೋಡುತ್ತಾರೆ. ತಾವು 41 ಪಂದ್ಯಕ್ಕೆ ಮುಂಗಡ ಕೊಟ್ಟ ಸೀಟಿನ ಪಕ್ಕದ್ದು ಅಗ್ಗಕ್ಕೆ ಸಿಗುತ್ತಿದೆ ಎಂದಾದರೆ ಮುಂದಿನ ಏಪ್ರಿಲ್‌ನಲ್ಲಿ ನವೀಕರಣ ಯಾಕೆ ಮಾಡಬೇಕು? ಒಮ್ಮೆ ಶುರುವಾದರೆ ಈ ಜಾರುವಿಕೆ ನಿಲ್ಲಿಸುವುದು ಕಷ್ಟ.

ಇನ್ನೊಂದು ಸಂಗತಿ ಹೊರಗಿನವರಿಗೆ ಕಾಣುವುದಿಲ್ಲ. ಸೀಸನ್ ಟಿಕೆಟ್ ಹಣ ಬೇಸಿಗೆಯಲ್ಲೇ, ಅಕ್ಟೋಬರ್‌ನಲ್ಲಿ ಪಕ್ (ಚೆಂಡಿನ ಬದಲು ಬಳಸುವ ಬಿಲ್ಲೆ) ಬೀಳುವ ಮೊದಲೇ ಕೈಗೆ ಬರುತ್ತದೆ. ಜುಲೈ 1ಕ್ಕೆ ಹಲವು ಆಟಗಾರರ ಸೈನಿಂಗ್ ಬೋನಸ್ ಕೊಡಬೇಕಾಗಿರುತ್ತದೆ. ಆ ಮುಂಗಡ ಇಲ್ಲದಿದ್ದರೆ ಬ್ಯಾಂಕಿನಿಂದ ಸಾಲ ತಂದು ಬಡ್ಡಿ ಕಟ್ಟಬೇಕು.

ವಿನ್ನಿಪೆಗ್‌ನಲ್ಲಿ ಕುಸಿತ ಯಾಕೆ ಇಷ್ಟು ಬೇಗ ಆಯಿತು ಎಂದರೆ ಟಿಕೆಟ್ ಯಾರ ಕೈಯಲ್ಲಿತ್ತು ನೋಡಿ. ದೊಡ್ಡ ಊರುಗಳಲ್ಲಿ ಸೀಸನ್ ಟಿಕೆಟ್‌ನ ದೊಡ್ಡ ಪಾಲು ಕಂಪನಿಗಳದ್ದು. ಬ್ಯಾಂಕು, ವಕೀಲರ ಸಂಸ್ಥೆ, ತೈಲ ಕಂಪನಿ ಗ್ರಾಹಕರನ್ನು ಕರೆದುಕೊಂಡು ಹೋಗಲು ಕೊಳ್ಳುತ್ತವೆ, ತಂಡ ಸೋತರೂ ನವೀಕರಿಸುತ್ತವೆ. ಇಲ್ಲಿ ಕೇಂದ್ರ ಕಚೇರಿಗಳು ಕಡಿಮೆ, ಹೆಚ್ಚಿನ ಟಿಕೆಟ್ ಮನೆಮಂದಿಯದ್ದು. ಅದರಲ್ಲೂ ಒಂದು ಜೋಡಿ ಸೀಟನ್ನು ನಾಲ್ಕೈದು ಗೆಳೆಯರು ಸೇರಿ ಹಂಚಿಕೊಳ್ಳುವುದು ರೂಢಿ. ಒಬ್ಬರು ಊರು ಬಿಟ್ಟರೆ, ಒಬ್ಬರಿಗೆ ಮನೆ ಸಾಲದ ಕಂತು ಏರಿದರೆ, ಉಳಿದವರು ಅವರ ಪಾಲು ಹೊರಲಾರದೆ ಇಡೀ ಖಾತೆಯೇ ಬಿದ್ದುಹೋಗುತ್ತದೆ. 2011ರಲ್ಲಿ ಮೂರರಿಂದ ಐದು ವರ್ಷದ ಬದ್ಧತೆ ಬರೆಸಿಕೊಂಡಿದ್ದರಿಂದ ಈ ದೌರ್ಬಲ್ಯ ಬಹಳ ಕಾಲ ಕಾಣಲೇ ಇಲ್ಲ. ಕೋವಿಡ್ ಬಂದು ಅಭ್ಯಾಸ ತಪ್ಪಿದಾಗ ಒಟ್ಟಿಗೇ ಬಯಲಾಯಿತು. ಕಾಯುವ ಪಟ್ಟಿಯೂ ಆಗ ನೆರವಿಗೆ ಬರಲಿಲ್ಲ.

ಸೀಟನ್ನು ಸಣ್ಣ ಪ್ಯಾಕೇಜುಗಳಾಗಿ, ಅರ್ಧ ಸೀಸನ್, ಕಾಲು ಸೀಸನ್ ಎಂದು ಒಡೆದು ಮಾರುವುದು ಒಳ್ಳೆಯ ಮದ್ದೇ. ಗುಂಪು ಒಡೆದಾಗ ಗ್ರಾಹಕ ಪೂರ್ತಿ ಕೈಬಿಟ್ಟು ಹೋಗುವುದಿಲ್ಲ. ಆದರೆ ಅದರ ಕೆಲಸ ಹೆಚ್ಚು. ನಾಲ್ಕು ಕಾಲು ಸೀಸನ್ ಗ್ರಾಹಕರು ಸೇರಿದರೆ ಒಂದು ಪೂರ್ಣ ಸೀಟು, ನವೀಕರಣಕ್ಕೆ ಮಾತ್ರ ನಾಲ್ಕು ಮನೆಗೆ ಫೋನು.

ಬ್ಲೂಲೈನ್:

ಲೆಕ್ಕಿಗ ಅವರು ಬರೆದದ್ದಕ್ಕೆ ಖರ್ಚಿನ ಬದಿ ಸೇರಿಸುತ್ತೇನೆ. ನನ್ನ ಅಭಿಪ್ರಾಯದಲ್ಲಿ ಇಲ್ಲೇ ನಿಜವಾದ ಅಪಾಯ ಇರುವುದು.

ಟಿಕೆಟ್ ಕೆನಡಾ ಡಾಲರಿನಲ್ಲಿ ಮಾರುತ್ತಾರೆ, ಸಂಬಳ ಅಮೆರಿಕ ಡಾಲರಿನಲ್ಲಿ ಕೊಡುತ್ತಾರೆ. 2011ರಲ್ಲಿ ತಂಡ ಬಂದಾಗ ಎರಡೂ ಹತ್ತಿರ ಹತ್ತಿರ ಸಮ ಇದ್ದವು. 2011-12ರ ಕ್ಯಾಪ್, ಅಂದರೆ ಒಂದು ತಂಡ ಸಂಬಳಕ್ಕೆ ಖರ್ಚು ಮಾಡಬಹುದಾದ ಮೇಲ್ಮಿತಿ, 6.43 ಕೋಟಿ ಅಮೆರಿಕ ಡಾಲರ್, ಕೆನಡಾ ಡಾಲರಿನಲ್ಲೂ ಹೆಚ್ಚುಕಮ್ಮಿ ಅಷ್ಟೇ. 2025-26ರ ಕ್ಯಾಪ್ 9.55 ಕೋಟಿ. ಒಂದು ಕೆನಡಾ ಡಾಲರ್‌ಗೆ 72 ಅಮೆರಿಕ ಸೆಂಟ್ ಎಂದು ಹಿಡಿದರೆ ಅದು 13.26 ಕೋಟಿ ಕೆನಡಾ ಡಾಲರ್. ಕ್ಯಾಪ್‌ವರೆಗೆ ಖರ್ಚು ಮಾಡುವ ತಂಡಕ್ಕೆ ಸಂಬಳದ ಹೊರೆ ಊರಿನ ಹಣದಲ್ಲಿ ಎರಡು ಪಟ್ಟು ದಾಟಿದೆ. ಸೀಟು ಮಾತ್ರ ಅಂದಿನಷ್ಟೇ, ಹದಿನೈದು ಸಾವಿರ ಚಿಲ್ಲರೆ. ವಿನಿಮಯ ದರ 72ರಿಂದ 71 ಸೆಂಟ್‌ಗೆ ಇಳಿದರೆ ಸಾಕು, ವರ್ಷಕ್ಕೆ 18 ಲಕ್ಷ ಕೆನಡಾ ಡಾಲರ್‌ಗಿಂತ ಹೆಚ್ಚು ಸೇರಿಕೊಳ್ಳುತ್ತದೆ.

ಸರಿ, ಕ್ಯಾಪ್‌ವರೆಗೆ ಹೋಗದೆ ಕಡಿಮೆ ಖರ್ಚು ಮಾಡಬಹುದಲ್ಲ ಎನ್ನುತ್ತೀರಿ. ಅದಕ್ಕೂ ತಳ ಇದೆ. ಲೀಗ್ ಮೊದಲು ಒಂದು ಮಧ್ಯದ ಅಂಕಿ ಲೆಕ್ಕ ಹಾಕುತ್ತದೆ, ಅದಕ್ಕಿಂತ ಶೇ 15 ಮೇಲೆ ಕ್ಯಾಪ್, ಶೇ 15 ಕೆಳಗೆ ಫ್ಲೋರ್. 2025-26ರ ಫ್ಲೋರ್ 7.06 ಕೋಟಿ. 2027-28ಕ್ಕೆ ಕ್ಯಾಪ್ 11.35 ಕೋಟಿ ಎಂದು ಘೋಷಿಸಿದ್ದಾರೆ, ಅದರ ಫ್ಲೋರ್ 8.39 ಕೋಟಿ. 2023-24ರ ಕ್ಯಾಪ್ ಎಷ್ಟಿತ್ತು? 8.35 ಕೋಟಿ. ಅಂದರೆ ನಾಲ್ಕೇ ವರ್ಷದಲ್ಲಿ ಲೀಗಿನ ಅತಿ ಕಡಿಮೆ ಸಂಬಳದ ತಂಡ ಕೊಡಲೇಬೇಕಾದ ಮೊತ್ತ, ಅತಿ ಹೆಚ್ಚು ಕೊಡಬಹುದಾಗಿದ್ದ ಹಳೆಯ ಮೊತ್ತವನ್ನು ಮೀರುತ್ತದೆ. ಈ ಒಂದು ಸಾಲನ್ನು ಚಿಕ್ಕ ಊರಿನ ಪ್ರತಿಯೊಬ್ಬ ಅಭಿಮಾನಿ ತಿಳಿದಿರಬೇಕು.

ಇದು ಯಾಕೆ ಹೀಗೆ? 2004-05ರ ಇಡೀ ಸೀಸನ್ ಲಾಕೌಟ್‌ಗೆ ಬಲಿಯಾದ ಮೇಲೆ ಕ್ಯಾಪ್ ಬಂತು, ಆಗ 3.9 ಕೋಟಿ. ಚಿಕ್ಕ ಊರುಗಳನ್ನು ಉಳಿಸಿದ್ದು ಅದೇ. ನ್ಯೂಯಾರ್ಕ್ ಎಷ್ಟು ಬೇಕಾದರೂ ಸುರಿಯುವ ಕಾಲ ಮುಗಿಯಿತು. ಆದರೆ ಈಗಿನ ಒಪ್ಪಂದದಲ್ಲಿ ಕ್ಯಾಪ್ ಕಟ್ಟಿರುವುದು ಇಡೀ ಲೀಗಿನ ಹಾಕಿ ಆದಾಯಕ್ಕೆ, ಅದರ ಅರ್ಧ ಆಟಗಾರರಿಗೆ. ಟೊರೊಂಟೊ, ನ್ಯೂಯಾರ್ಕ್, ವೇಗಸ್‌ನ ಆದಾಯ ಏರಿದರೆ ಕ್ಯಾಪ್ ಏರುತ್ತದೆ, ಜೊತೆಗೆ ಫ್ಲೋರ್ ಕೂಡ. ಹಾಗೆ ಏರಿದ್ದನ್ನು ವಿನ್ನಿಪೆಗ್ ತನ್ನ ಟಿಕೆಟ್ ಹಣದಿಂದ ಕೊಡಬೇಕು. ಲೀಗ್ ಒಟ್ಟಾರೆ ಶೇ 50 ಕೊಟ್ಟರೂ ಕಡಿಮೆ ಆದಾಯದ ತಂಡ ತನ್ನ ಆದಾಯದ ಅರ್ಧಕ್ಕಿಂತ ಹೆಚ್ಚನ್ನು ಸಂಬಳಕ್ಕೇ ಕೊಟ್ಟಿರುತ್ತದೆ.

ಈಗ ಟಿವಿ. ರಾಜರ್ಸ್‌ನ ಹಳೆಯ ಒಪ್ಪಂದ 12 ವರ್ಷಕ್ಕೆ 523.2 ಕೋಟಿ ಕೆನಡಾ ಡಾಲರ್. ಅದನ್ನು 32 ತಂಡ ಸಮಾನವಾಗಿ ಹಂಚಿಕೊಂಡರೆ ವರ್ಷಕ್ಕೆ ಸರಾಸರಿ 1.36 ಕೋಟಿ. 2026-27ರಿಂದ ಶುರುವಾಗುವ ಹೊಸ ಒಪ್ಪಂದವೂ 12 ವರ್ಷದ್ದೇ. ಅದರಲ್ಲಿ ಒಂದು ತಂಡದ ಪಾಲು ಸರಾಸರಿ 2.86 ಕೋಟಿ. ಹೆಚ್ಚಳ ಒಂದೂವರೆ ಕೋಟಿ. ಕ್ಯಾಪ್ 9.55ರಿಂದ 11.35ಕ್ಕೆ ಹೋದರೆ ಹೆಚ್ಚಳ 1.8 ಕೋಟಿ ಅಮೆರಿಕ ಡಾಲರ್, ಊರಿನ ಹಣದಲ್ಲಿ ಎರಡೂವರೆ ಕೋಟಿ. ಟಿವಿಯ ಹೊಸ ದುಡ್ಡು ಬರುತ್ತದೆ, ಸಂಬಳ ಅದನ್ನು ನುಂಗಿ ಇನ್ನೊಂದು ಕೋಟಿ ಕೇಳುತ್ತದೆ. ಕೆನಡಾದಲ್ಲಿ ಏಳೇ ತಂಡ ಇದ್ದರೂ ಆ ಒಪ್ಪಂದದ ಹಣವನ್ನು ಅಮೆರಿಕದ 25 ತಂಡಗಳೂ ಹಂಚಿಕೊಳ್ಳುತ್ತವೆ ಎಂಬುದನ್ನು ಮರೆಯಬೇಡಿ. ಅಮೆರಿಕದ ಇಎಸ್‌ಪಿಎನ್-ಟರ್ನರ್ ಟಿವಿ ಒಪ್ಪಂದದಿಂದ ಪಾಲು ಬರುವುದು ಅಮೆರಿಕ ಡಾಲರಿನಲ್ಲಿ. ಅದು ವಿನಿಮಯದ ಹೊಡೆತವನ್ನು ಸ್ವಲ್ಪ ತಗ್ಗಿಸುತ್ತದೆ.

ಚಳಿಯೂರ ಕನ್ನಡಿಗ:

ಇಬ್ಬರಿಗೂ ಧನ್ಯವಾದ. ಬ್ಲೂಲೈನ್ ಅವರೇ, ಐಟಿ ಕಂಪನಿಗಳು ಮಾಡುವಂತೆ ಡಾಲರನ್ನು ಮೊದಲೇ ದರ ನಿಗದಿ ಮಾಡಿ ಕೊಂಡಿಟ್ಟರೆ ಆಗುವುದಿಲ್ಲವೇ? ಮತ್ತೆ ಶ್ರೀಮಂತ ತಂಡಗಳು ಬಡ ತಂಡಗಳಿಗೆ ಕೊಡುವ ಹಂಚಿಕೆ ನಿಧಿ ಇದೆ ಎಂದು ಓದಿದ್ದೆ.

ಬ್ಲೂಲೈನ್:

ಆಗುತ್ತದೆ, ಕೆನಡಾದ ತಂಡಗಳು ಮಾಡುತ್ತವೆ ಕೂಡ. ಸಂಬಳ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಕಂತುಗಳಲ್ಲಿ ಹೋಗುವುದರಿಂದ ಬೇಸಿಗೆಯಲ್ಲೇ ಫಾರ್ವರ್ಡ್ ಕಾಂಟ್ರಾಕ್ಟ್ ಮಾಡಿಕೊಂಡರೆ ಆ ವರ್ಷದ ಬಜೆಟ್ ಅಲುಗಾಡದು. ಆದರೆ ಅದು ಏರಿಳಿತವನ್ನು ತಡೆಯುತ್ತದೆ ಅಷ್ಟೆ, ಮಟ್ಟವನ್ನು ಬದಲಿಸುವುದಿಲ್ಲ. ಐದಾರು ವರ್ಷ 72-74 ಸೆಂಟ್‌ನಲ್ಲೇ ಕೂತರೆ ನೀವು ಕೊಳ್ಳುವುದೂ ಅದೇ ದರಕ್ಕೆ. ಏಳೆಂಟು ವರ್ಷದ ಆಟಗಾರರ ಒಪ್ಪಂದಕ್ಕೆ ಏಳೆಂಟು ವರ್ಷದ ಫಾರ್ವರ್ಡ್ ಯಾರೂ ಮಾಡುವುದಿಲ್ಲ, ಅದಕ್ಕೆ ಕಟ್ಟಬೇಕಾದ ಠೇವಣಿಯೇ ಭಾರ.

ಹಂಚಿಕೆ ನಿಧಿ ಇದೆ. ಹೆಚ್ಚು ಆದಾಯದ ತಂಡಗಳ ಕೊಡುಗೆ ಮತ್ತು ಪ್ಲೇಆಫ್ (ಸೀಸನ್ ನಂತರದ ನಾಕೌಟ್ ಸುತ್ತು) ಟಿಕೆಟ್ ಹಣದ ಒಂದು ಭಾಗ ಅದರಲ್ಲಿ ಸೇರುತ್ತದೆ. ಕೆಳಗಿನ ತಂಡಗಳಿಗೆ ಅದು ಆಸರೆ, ನಿಜ. ಆದರೆ ಬೇರೆಯವರ ನಿಧಿಯನ್ನು ನಂಬಿಕೊಂಡ ಬಜೆಟ್ ಗಟ್ಟಿಯಲ್ಲ. 1990ರ ದಶಕದಲ್ಲಿ ಕೆನಡಾದ ಚಿಕ್ಕ ಊರುಗಳಿಗೆಂದೇ ಲೀಗ್ ಒಂದು ನೆರವು ಯೋಜನೆ ನಡೆಸಿತ್ತು. ನಿಗದಿತ ಸೀಸನ್ ಟಿಕೆಟ್ ಮಾರಿದರೆ ಮಾತ್ರ ಹಣ. ಸರ್ಕಾರದ ಕಡೆ ನೋಡಿದರೆ, 2000ದ ಜನವರಿಯಲ್ಲಿ ಕೈಗಾರಿಕಾ ಸಚಿವ ಜಾನ್ ಮ್ಯಾನ್ಲಿ ಎನ್‌ಎಚ್‌ಎಲ್ ತಂಡಗಳಿಗೆ ಸಹಾಯಧನ ಘೋಷಿಸಿ, ಜನರ ವಿರೋಧಕ್ಕೆ ಮಣಿದು ಮೂರೇ ದಿನಕ್ಕೆ ಹಿಂತೆಗೆದುಕೊಂಡರು. ಕೆನಡಾ ಡಾಲರ್ 62 ಸೆಂಟ್‌ಗೆ ಕುಸಿದದ್ದು ಅದಾದ ಎರಡು ವರ್ಷಕ್ಕೆ. 2003ರ ಜನವರಿಯಲ್ಲಿ ಒಟ್ಟಾವಾ ಸೆನೆಟರ್ಸ್ ದಿವಾಳಿ ರಕ್ಷಣೆ ಕೋರಿತು. ಅದೇ ತಿಂಗಳು ಬಫಲೋ ಕೂಡ.

ಹೊಳೆನರಸೀಪುರ ಎಕ್ಸ್‌ಪ್ರೆಸ್:

ಇಷ್ಟೆಲ್ಲ ಲೆಕ್ಕದ ನಡುವೆ ಮುಖ್ಯವಾದದ್ದು ಬಿಟ್ಟುಹೋಗುತ್ತಿದೆ ಎನಿಸುತ್ತದೆ. ಗೆದ್ದರೆ ಜನ ಬರುತ್ತಾರೆ. 2024-25ರಲ್ಲಿ ಜೆಟ್ಸ್ ಲೀಗಿನಲ್ಲೇ ಅತಿ ಹೆಚ್ಚು, 116 ಪಾಯಿಂಟ್ ಗಳಿಸಿ ಪ್ರೆಸಿಡೆಂಟ್ಸ್ ಟ್ರೋಫಿ ಗೆದ್ದಿತು. ಗೋಲ್‌ಕೀಪರ್ ಕಾನರ್ ಹೆಲ್ಲೆಬಕ್‌ಗೆ ವರ್ಷದ ಅತಿ ಮೌಲ್ಯದ ಆಟಗಾರನ ಹಾರ್ಟ್ ಟ್ರೋಫಿ. ತಂಡ ಚೆನ್ನಾಗಿ ಆಡಿಸುವುದೇ ಪರಿಹಾರ ಅಲ್ಲವೇ?

ಲೆಕ್ಕಿಗ:

ಗೆಲುವು ಬೇಕೇ ಬೇಕು ಸರ್, ಅದರಲ್ಲಿ ಎರಡು ಮಾತಿಲ್ಲ. ಪ್ಲೇಆಫ್‌ನ ಅರ್ಥಶಾಸ್ತ್ರವೇ ಬೇರೆ. ಆಟಗಾರರ ಸಂಬಳ ರೆಗ್ಯುಲರ್ ಸೀಸನ್‌ಗೇ ಮುಗಿದಿರುತ್ತದೆ, ಪ್ಲೇಆಫ್ ಬೋನಸ್ ಲೀಗಿನ ನಿಧಿಯಿಂದ ಹೋಗುತ್ತದೆ. 2025ರಲ್ಲಿ ಸೇಂಟ್ ಲೂಯಿಸ್ ವಿರುದ್ಧ ತವರಲ್ಲಿ ನಾಲ್ಕು, ಡಲ್ಲಾಸ್ ವಿರುದ್ಧ ಮೂರು, ಒಟ್ಟು ಏಳು ಪಂದ್ಯ ಸಿಕ್ಕವು. ಸುಮಾರು 1.07 ಲಕ್ಷ ಸೀಟು. ಟಿಕೆಟ್‌ಗೆ 200 ಕೆನಡಾ ಡಾಲರ್ ಎಂದು ಊಹಿಸಿದರೂ 2.1 ಕೋಟಿ. ನಿಧಿಯ ಪಾಲು ಕಳೆದರೂ ಖಾಲಿ ಸೀಟಿನ ಇಡೀ ವರ್ಷದ ನಷ್ಟಕ್ಕಿಂತ ಹೆಚ್ಚು.

ತೊಂದರೆ ಏನೆಂದರೆ ಅದನ್ನು ಬಜೆಟ್‌ನಲ್ಲಿ ಬರೆಯಲಾಗದು. ಸೇಂಟ್ ಲೂಯಿಸ್ ಸರಣಿಯ ಏಳನೇ ಪಂದ್ಯ ಎರಡನೇ ಓವರ್‌ಟೈಮ್‌ಗೆ ಹೋಗಿ ನಿರ್ಧಾರವಾಯಿತು. ಪಕ್ ಆ ಕಡೆ ಪುಟಿದಿದ್ದರೆ ಡಲ್ಲಾಸ್ ಸರಣಿಯ ಮೂರು ಪಂದ್ಯದ ಹಣ ಇಲ್ಲ. ದೊಡ್ಡ ಊರಿನ ತಂಡ ಎರಡು ವರ್ಷ ಪ್ಲೇಆಫ್ ತಪ್ಪಿಸಿಕೊಂಡರೂ ಬದುಕುತ್ತದೆ. ವಿನ್ನಿಪೆಗ್ ಸತತವಾಗಿ ಚೆನ್ನಾಗಿ ಆಡಲೇಬೇಕು. ಫ್ಲೋರಿಡಾ, ಟೆಕ್ಸಸ್, ನೆವಾಡಾದಂತೆ ರಾಜ್ಯ ಆದಾಯ ತೆರಿಗೆ ಇಲ್ಲದ ಊರುಗಳ ಎದುರು ಫ್ರೀ ಏಜೆಂಟ್‌ಗಳನ್ನು (ಒಪ್ಪಂದ ಮುಗಿದ ಆಟಗಾರರನ್ನು) ಸೆಳೆಯುವುದು ಇಲ್ಲಿ ಕಷ್ಟ. ಯುವ ಆಟಗಾರರನ್ನು ಲೀಗಿನ ವಾರ್ಷಿಕ ಆಯ್ಕೆಯಾದ ಡ್ರಾಫ್ಟ್‌ನಲ್ಲಿ ಆರಿಸಿ, ಬೆಳೆಸಿ, ಉಳಿಸಿಕೊಳ್ಳುವುದೊಂದೇ ದಾರಿ. 2023ರ ಅಕ್ಟೋಬರ್‌ನಲ್ಲಿ ಹೆಲ್ಲೆಬಕ್ ಮತ್ತು ಮಾರ್ಕ್ ಶೈಫ್ಲಿ ಇಬ್ಬರಿಗೂ ಏಳು ವರ್ಷ, ವರ್ಷಕ್ಕೆ 85 ಲಕ್ಷ ಅಮೆರಿಕ ಡಾಲರ್ ಕೊಟ್ಟು ಹಿಡಿದಿಟ್ಟದ್ದು ಟಿಕೆಟ್ ಬಿಕ್ಕಟ್ಟಿನ ನಡುವೆಯೇ. ನನ್ನ ಮಟ್ಟಿಗೆ ಅದು ತಂಡದ ಅತಿ ಧೈರ್ಯದ ಮತ್ತು ಸರಿಯಾದ ತೀರ್ಮಾನ.

ಅರೀನಾ ಮೂಲೆ:

ಮೂರನೇ ಪ್ರಶ್ನೆಗೆ ಬರೋಣ. ತಂಡ ಊರು ಬಿಡುವುದು ಜನ ಕಡಿಮೆ ಎಂಬ ಒಂದೇ ಕಾರಣಕ್ಕಲ್ಲ. ಅಟ್ಲಾಂಟಾ 50 ಲಕ್ಷ ದಾಟಿದ ಮಹಾನಗರ, 1980ರಲ್ಲಿ ಫ್ಲೇಮ್ಸ್ ಅನ್ನು ಕ್ಯಾಲ್ಗರಿಗೆ, 2011ರಲ್ಲಿ ತ್ರಾಷರ್ಸ್ ಅನ್ನು ವಿನ್ನಿಪೆಗ್‌ಗೆ ಬಿಟ್ಟುಕೊಟ್ಟಿತು. ತ್ರಾಷರ್ಸ್ ಮಾಲೀಕರ ಕೈಯಲ್ಲಿ ಬ್ಯಾಸ್ಕೆಟ್‌ಬಾಲ್ ತಂಡವೂ ಅರೀನಾವೂ ಇದ್ದವು. ಹಾಕಿಯನ್ನಷ್ಟೇ ಮಾರಿ ಉಳಿದೆರಡನ್ನು ಇಟ್ಟುಕೊಂಡರು. ಹಾಗಾಗಿ ಮೊದಲು ನೋಡಬೇಕಾದದ್ದು ಕಟ್ಟಡ ಯಾರದ್ದು, ಹಾಕಿ ಇಲ್ಲದ 320ಕ್ಕೂ ಹೆಚ್ಚು ದಿನಗಳ ಆದಾಯ ಯಾರಿಗೆ ಎಂಬುದು.

ಅರಿಜೋನಾವನ್ನು ನೋಡಿ, 1996ರಲ್ಲಿ ಫೀನಿಕ್ಸ್‌ಗೆ ಹೋದ ಹಳೆಯ ಜೆಟ್ಸ್ ತಂಡವೇ ಅದು. ಗ್ಲೆಂಡೇಲ್ ಅರೀನಾ ನಗರಸಭೆಯದ್ದು, ತಂಡ ಬಾಡಿಗೆದಾರ. ಟಿಕೆಟ್ ಕೊಳ್ಳುವ ಜನ ಹೆಚ್ಚಾಗಿದ್ದದ್ದು ಫೀನಿಕ್ಸ್ ಕಣಿವೆಯ ಪೂರ್ವಕ್ಕೆ, ಅರೀನಾ ಪಶ್ಚಿಮಕ್ಕೆ. 2009ರಲ್ಲಿ ದಿವಾಳಿ, ಲೀಗೇ 14 ಕೋಟಿ ಡಾಲರ್‌ಗೆ ಕೊಂಡು ನಡೆಸಿತು. ತಂಡವನ್ನು ಉಳಿಸಿಕೊಳ್ಳಲು ನಗರಸಭೆ ಎರಡು ವರ್ಷ ತಲಾ 2.5 ಕೋಟಿ ಡಾಲರ್ ಕೊಟ್ಟಿತು. 2015ರಲ್ಲಿ ಗುತ್ತಿಗೆಯನ್ನು ಅದೇ ನಗರಸಭೆ ರದ್ದು ಮಾಡಿತು, ಆಮೇಲೆ ವರ್ಷದಿಂದ ವರ್ಷಕ್ಕೆ ಬಾಡಿಗೆ. ಕೊನೆಗೆ 2022ರಿಂದ ಎರಡು ಸೀಸನ್ ವಿಶ್ವವಿದ್ಯಾಲಯದ 4,600 ಸೀಟಿನ ಮಲೆಟ್ ಅರೀನಾದಲ್ಲಿ ಆಡಿದರು. 2023ರ ಮೇ ತಿಂಗಳಲ್ಲಿ ಅಲ್ಲಿನ ಟೆಂಪಿ ನಗರದ ಮತದಾರರು ಹೊಸ ಅರೀನಾ ಯೋಜನೆ ತಿರಸ್ಕರಿಸಿದರು, 2024ರ ಏಪ್ರಿಲ್‌ನಲ್ಲಿ 120 ಕೋಟಿ ಡಾಲರ್ ವ್ಯವಹಾರದಲ್ಲಿ ಸಾಲ್ಟ್ ಲೇಕ್ ಸಿಟಿಗೆ. ದೊಡ್ಡ ಮಾರುಕಟ್ಟೆಯಲ್ಲಿದ್ದೂ ಸ್ವಂತ ಕಟ್ಟಡವಿಲ್ಲದ ತಂಡದ ಗತಿ ಇದು.

ವಿನ್ನಿಪೆಗ್‌ನ ಬಲ ಇಲ್ಲಿದೆ. ತಂಡದ ಮಾಲೀಕತ್ವ ಹೊಂದಿದ ಟ್ರೂ ನಾರ್ತ್ ಸಂಸ್ಥೆಯದ್ದೇ ಅರೀನಾ. ಸಂಗೀತ ಕಾರ್ಯಕ್ರಮಗಳ ಲಾಭ ಅವರಿಗೇ. ಎರಡನೇ ದರ್ಜೆಯ ಎಎಚ್‌ಎಲ್ ತಂಡ ಮ್ಯಾನಿಟೋಬಾ ಮೂಸ್ ಕೂಡ 2015ರಿಂದ ಅದೇ ಸೂರಿನಡಿ ಆಡುತ್ತದೆ. ಅದೇ ಐಸ್, ಅದೇ ಸಿಬ್ಬಂದಿ, ಗಾಯಗೊಂಡವರ ಬದಲಿಗೆ ಆಟಗಾರನನ್ನು ಕರೆಸಲು ವಿಮಾನ ಬೇಡ. ಸುತ್ತಲಿನ ಕಟ್ಟಡಗಳೂ ಅವರ ಯೋಜನೆ. ಜೊತೆಗೆ ಪಾಲುದಾರ ಡೇವಿಡ್ ಥಾಮ್ಸನ್ ಕೆನಡಾದ ಅತಿ ಶ್ರೀಮಂತರಲ್ಲೊಬ್ಬರು.

ಅದರ ಎದುರು ನಿಂತಿರುವ ಸೆಳೆತ ತಂಡದ ಬೆಲೆ. 2011ರಲ್ಲಿ ಊರು ಬದಲಾವಣೆಗೆ ಲೀಗಿಗೆ ಕೊಟ್ಟ 6 ಕೋಟಿ ಸೇರಿ 17 ಕೋಟಿ ಅಮೆರಿಕ ಡಾಲರ್‌ಗೆ ಬಂದ ತಂಡ ಇದು. 2023ರಲ್ಲಿ ಒಟ್ಟಾವಾ ಮಾರಾಟವಾದದ್ದು 95 ಕೋಟಿಗೆ. ವರ್ಷಕ್ಕೆ ಒಂದು ಕೋಟಿ ಕಳೆದುಕೊಂಡರೂ ಆಸ್ತಿಯ ಬೆಲೆ ಏರುತ್ತಿದ್ದರೆ ಮಾಲೀಕನಿಗೆ ಕಾಗದದ ಮೇಲೆ ನಷ್ಟವಿಲ್ಲ. ಆ ಲಾಭ ಕೈಗೆ ಬರಬೇಕಾದರೆ ಮಾರಬೇಕು. ಅಷ್ಟು ಬೆಲೆ ಕೊಡುವವನು ವಿನ್ನಿಪೆಗ್‌ನಲ್ಲೇ ಇಟ್ಟುಕೊಳ್ಳುವ ಸಾಧ್ಯತೆ ಕಡಿಮೆ. ಒಳ್ಳೆಯ ಅರೀನಾ ಇದ್ದರೆ ಸಾಕು ಎನ್ನುವವರು ಕ್ವಿಬೆಕ್ ಸಿಟಿ ನೋಡಲಿ. 1995ರಲ್ಲಿ ನಾರ್ಡಿಕ್ಸ್ ಡೆನ್ವರ್‌ಗೆ ಹೋಯಿತು. 2015ರಲ್ಲಿ 18,259 ಸೀಟಿನ ಹೊಸ ಅರೀನಾ ತೆರೆದರು. ಎನ್‌ಎಚ್‌ಎಲ್ ತಂಡ ಮರಳಿ ಬಂದಿಲ್ಲ.

ಪೊನ್ನಂಪೇಟೆ ಸ್ಟಿಕ್:

ಹುಲ್ಲಿನ ಮೇಲಿನ ಹಾಕಿಯವನು ನಾನು, ನಮ್ಮ ಕಡೆಯ ಒಂದು ಮಾತು ಸೇರಿಸುತ್ತೇನೆ. ಹಾಕಿ ಇಂಡಿಯಾ ಲೀಗ್ 2017ರಲ್ಲಿ ನಿಂತು 2024ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾದಾಗ ಪುರುಷರ ಎಂಟು ತಂಡಗಳಲ್ಲಿ ಕರ್ನಾಟಕದ್ದು ಒಂದೂ ಇರಲಿಲ್ಲ. ಕೊಡಗಿರುವ ರಾಜ್ಯಕ್ಕೆ ಇದು ನೋವಿನ ಸಂಗತಿ. ಅಲ್ಲಿ ಆಟಗಾರರ ಹರಾಜಿನ ಮಿತಿ 4 ಕೋಟಿ ರೂಪಾಯಿ. ಪಂದ್ಯಗಳು ಒಂದೆರಡು ಕೇಂದ್ರಗಳಲ್ಲೇ ನಡೆದದ್ದರಿಂದ ತವರಿನ ಟಿಕೆಟ್ ಆದಾಯ ಎಂಬುದೇ ಇಲ್ಲ, ಪ್ರಾಯೋಜಕರೇ ಎಲ್ಲ. ಬೆಂಗಳೂರಿನಲ್ಲಿ ಐದು ತವರಿನ ಪಂದ್ಯ, ತಲಾ 5,000 ಜನ, 200 ರೂಪಾಯಿ ಟಿಕೆಟ್ ಎಂದರೂ 50 ಲಕ್ಷ. ಮಿತಿಯ ಎಂಟನೇ ಒಂದು ಭಾಗ. ಆದರೂ ಪ್ರಾಯೋಜಕನಿಗೆ ತೋರಿಸಲು ತುಂಬಿದ ಗ್ಯಾಲರಿ ಬೇಕು, ಅದು ತವರಿನ ಪಂದ್ಯ ಇದ್ದರೆ ಮಾತ್ರ ಸಿಗುತ್ತದೆ. ವಿನ್ನಿಪೆಗ್‌ನ ಜನ ಟಿಕೆಟ್ ಕೊಂಡು ತಂಡ ಉಳಿಸುವ ಅವಕಾಶವನ್ನಾದರೂ ಪಡೆದಿದ್ದಾರೆ.

ಚಳಿಯೂರ ಕನ್ನಡಿಗ:

ಬಹಳ ತಿಳಿಯಿತು. ಅರೀನಾ ಮೂಲೆ ಅವರೇ, ಕೊನೆಯದಾಗಿ ಒಂದು: ಅಪಾಯ ಹತ್ತಿರ ಬಂತು ಎಂದು ಸಾಮಾನ್ಯ ಅಭಿಮಾನಿಗೆ ಯಾವುದರಿಂದ ಗೊತ್ತಾಗುತ್ತದೆ?

ಅರೀನಾ ಮೂಲೆ:

ಪಂದ್ಯದ ಹಾಜರಿ ಅಂಕಿ ನೋಡಬೇಡಿ, ಅದು ಹಂಚಿದ ಟಿಕೆಟ್ ಲೆಕ್ಕ, ಉಚಿತದ್ದೂ ಸೇರಿರುತ್ತದೆ. ಪ್ರತಿ ಬೇಸಿಗೆ ಸೀಸನ್ ಟಿಕೆಟ್ ಸಂಖ್ಯೆಯನ್ನು ತಂಡ ಹೇಳುತ್ತದೆಯೇ, ಹೇಳುವುದನ್ನು ನಿಲ್ಲಿಸಿತೇ ನೋಡಿ. ಅರ್ಧ ಮತ್ತು ಕಾಲು ಪ್ಯಾಕೇಜುಗಳನ್ನು ಪೂರ್ಣ ಸೀಟಿಗೆ ಪರಿವರ್ತಿಸಿ ಹೇಳುತ್ತಿದ್ದಾರೋ, ತಲೆ ಎಣಿಸಿ ಹೇಳುತ್ತಿದ್ದಾರೋ ಕೇಳಿ, ಎರಡಕ್ಕೂ ಅಜಗಜಾಂತರ. ತಂಡದ ಸಂಬಳದ ಮೊತ್ತ ಫ್ಲೋರ್ ಕಡೆಗೆ ಜಾರಿ ಎರಡು ವರ್ಷ ಅಲ್ಲೇ ನಿಂತರೆ ಕೈ ಬಿಗಿಯಾಗಿದೆ ಎಂದರ್ಥ. ಮಾಲೀಕತ್ವದಲ್ಲಿ ಹೊರ ಊರಿನ ಪಾಲುದಾರ ಸೇರಿದರೆ ಅವನಿಗೆ ಮುಂದೆ ಪೂರ್ತಿ ಕೊಳ್ಳುವ ಹಕ್ಕು ಬರೆದುಕೊಟ್ಟಿದ್ದಾರೆಯೇ ವಿಚಾರಿಸಿ.

ಇವುಗಳಲ್ಲಿ ಅಭಿಮಾನಿಯ ಕೈಯಲ್ಲಿರುವುದು ಸೀಸನ್ ಟಿಕೆಟ್ ಒಂದೇ. ಗುಂಪಿನಲ್ಲಿ ಟಿಕೆಟ್ ಹಂಚಿಕೊಂಡಿರುವವರು ಒಬ್ಬರು ಬಿಟ್ಟರೆ ಖಾತೆ ಮುಚ್ಚುವ ಮೊದಲು ತಂಡದ ಟಿಕೆಟ್ ಕಚೇರಿಗೆ ಫೋನ್ ಮಾಡಿ, ಉಳಿದವರ ಹೆಸರಿಗೆ ಅರ್ಧ ಪ್ಯಾಕೇಜು ಕೇಳಿ. ನವೀಕರಣದ ಗಡುವಿಗೆ ಮೊದಲೇ ಕೇಳಿದರೆ ಅದೇ ಸೀಟು ಉಳಿಸಿಕೊಳ್ಳುವ ಅವಕಾಶ ಹೆಚ್ಚು.